ನಾವೇ ಕರೆದೊಯ್ದ ರೈತ

ಅಡಿಕೆಯನ್ನು ಸರ್ಕಾರಿ ಮಾರುಕಟ್ಟೆ ಅಂಗಳದಲ್ಲೇ ಏಲಂ ಹಾಕಿ ಮಾರಬೇಕೆಂಬ ಕಾನೂನು ನಮ್ಮ ಕಡಬ ಪೇಟೆಗೂ ಬರುತ್ತದೆ ಎಂದು ತಿಳಿದಾಗ ನಾವು ವ್ಯಾಪಾರಿಗಳು ಬೆದರಿದೆವು. ಅದು ಬಂದರೆ ರೈತರಿಂದ ಅಂಗಡಿಯಲ್ಲೇ ಕೊಳ್ಳುವ ನಮ್ಮ ವ್ಯಾಪಾರವೇ ನಿಂತುಹೋಗುತ್ತಿತ್ತು. ಮಂತ್ರಿಗಳು ವ್ಯಾಪಾರಿಗಿಂತ ರೈತನ ಮಾತು ಕೇಳುತ್ತಾರೆಂದು, ಇಚಿಲಂಪಾಡಿಯ ಬೆಳೆಗಾರ ವರ್ಕಿಯವರನ್ನು ನನ್ನ ಜೀಪಿನಲ್ಲೇ, ಮಂತ್ರಿಗಳು ಇಳಿದುಕೊಂಡಿದ್ದ ಪುತ್ತೂರಿನ ಪ್ರವಾಸಿ ಬಂಗಲೆಗೆ ಕರೆದೊಯ್ದೆ.

“ರೈತರಿಗೆ ಏನು ತೊಂದರೆ?” ಮಂತ್ರಿಗಳು ಕೇಳಿದರು.

ವರ್ಕಿ ಎದ್ದು ನಿಂತರು. “ಕಾನೂನು ಬೇಗ ಬರ್ಲಿ ಸ್ವಾಮಿ. ಈಗ ಇವರು ಹೇಳಿದ್ದೇ ರೇಟು. ನಾಲ್ಕು ಜನ ಏಲಂ ಕೂಗಿದ್ರೆ ನಮಗೂ ಲಾಭ ಉಂಟು.”

ಮಂತ್ರಿಗಳು ನನ್ನ ಕಡೆ ತಿರುಗಿದರು. ನಾನು ಕೈಮುಗಿದು ಎದ್ದೆ.

ಹೊರಗೆ ಬಂದ ಮೇಲೆ, “ಎಂತ ಮಾರಾಯ್ರೆ ನೀವು ಮಾಡಿದ್ದು?” ಅಂದೆ.

“ರೈತನ ಕಷ್ಟ ಹೇಳಿ ಅಂದದ್ದು ನೀವೇ ಅಲ್ವಾ ಸಾವುಕಾರ್ರೆ?” ಎನ್ನುತ್ತ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು.

ಅವರನ್ನು ಅಲ್ಲೇ ಬಿಟ್ಟು ಬರುವ ಹಾಗೂ ಇರಲಿಲ್ಲ. ಆ ವರ್ಷದ ಅವರ ಅಡಿಕೆ ಇನ್ನೂ ನನ್ನ ಅಂಗಡಿಗೆ ಬರಬೇಕಿತ್ತು.