ಯಾರನ್ನೂ ಅಕ್ಕ ಅನ್ನದವಳು

ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಕಾಕ್ಸ್‌ಟೌನಿನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ತೆರೆದೆ. ಅಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕ. ಅಳತೆ ಕೊಡಲು ಬಂದ ಗಿರಾಕಿಯೂ ಅಕ್ಕ, ಮೂಲೆಮನೆಯ ತಮಿಳು ಅಜ್ಜಿಯೂ ಅಕ್ಕ. ನಮ್ಮ ಹೊಲಿಗೆಯವಳೊಬ್ಬಳು ಮಾತ್ರ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ. ಅವಳ ಪಾಲಿಗೆ ನಾನು ಮೇಡಂ.

"ಅಕ್ಕ ಅಂದ್ರೆ ಬಾಯಿ ಸವೆಯುತ್ತೇನೇ?" ಎಂದು ನಾನು ರೇಗಿಸಿದರೆ ನಕ್ಕು ಮೆಷಿನ್ ತುಳಿಯುತ್ತಿದ್ದಳು.

ಅವಳ ಕಥೆ ನನಗೆ ಗೊತ್ತಿತ್ತು. ಹತ್ತನೇ ಕ್ಲಾಸು ಮುಗಿದ ರಜೆಯಲ್ಲಿ, ಗಾರ್ಮೆಂಟ್ಸ್ ಕೆಲಸ ಕೊಡಿಸುತ್ತೇನೆಂದು ಊರಿನಲ್ಲಿ ಅವರದೇ ಬೀದಿಯ ಹೆಂಗಸೇ ಅವಳನ್ನು ರೈಲಿನಲ್ಲಿ ಕೆ.ಆರ್. ಪುರಕ್ಕೆ ಕರೆತಂದು, ಒಂದು ಮನೆಯಲ್ಲಿ ಬಿಟ್ಟು, ಮಾರಿ ಹೋಗಿದ್ದಳು. ಪೊಲೀಸರು ಅಲ್ಲಿಂದ ಬಿಡಿಸಿ ವರ್ಷಗಳೇ ಆಗಿದ್ದರೂ ಅವಳ ಮೆಷಿನ್ ಸದಾ ಬಾಗಿಲಿಗೆ ಮುಖಮಾಡಿಯೇ ಇರಬೇಕು. ಬೈಯಪ್ಪನಹಳ್ಳಿಯ ಬಾಡಿಗೆ ರೂಮಿನಲ್ಲಿ ದೀಪ ಆರಿಸಿ ಮಲಗಿದವಳಲ್ಲ. ಯಾರಾದರೂ ಅಕ್ಕರೆಯಿಂದ ಮಾತಾಡಿದರೆ ಬೆವರುತ್ತಿದ್ದಳು, ಬೈದರೆ ನಿರಾಳ. ಮಾತೆತ್ತಿದರೆ ಬೈಯುವ ನನ್ನ ಜೊತೆ ಚೆನ್ನಾಗಿ ಹೊಂದಿಕೊಂಡದ್ದಕ್ಕೆ ಇದೇ ಕಾರಣವಿರಬೇಕು.

ಕೊನೆಗೂ ಆ ಹೆಂಗಸಿನ ಕೇಸು ಕೋರ್ಟಿನಲ್ಲಿ ಸಾಕ್ಷಿಗೆ ಬಂತು. ಇವಳು ಬಾಯಿ ಬಿಡದಿದ್ದರೆ ಆಕೆ ಮತ್ತೆ ಅದೇ ಬೀದಿಗೆ ವಾಪಸು. ಅಲ್ಲಿ ಇವಳ ತಂಗಿ ಆಗಷ್ಟೇ ಹತ್ತನೇ ಕ್ಲಾಸಿಗೆ ಬಂದಿದ್ದಳು. ಧೈರ್ಯಕ್ಕೆ ಜೊತೆಗೊಬ್ಬರು ಇರಬಹುದು ಎಂದು ಕೋರ್ಟಿನವರು ಹೇಳಿದರು, ನಾನು ಹೋದೆ. ಮೊಗಸಾಲೆಯಲ್ಲಿ ಕಾಯುವಾಗ ಅವಳು ಮದುವೆ ಬ್ಲೌಸೊಂದಕ್ಕೆ ಹುಕ್ಕು ಹಾಕುತ್ತ ಕೂತಿದ್ದಳು. ಎದ್ದು ಕೂತು ಮಾಡುತ್ತಿದ್ದದ್ದು ನಾನು.

"ನೀವು ಸೂಜಿಗೆ ದಾರ ಪೋಣಿಸಿ ಕೊಡಿ ಮೇಡಂ. ಸುಮ್ನೆ ಕೂತ್ರೆ ಭಯ ಜಾಸ್ತಿ ಆಗುತ್ತೆ" ಎಂದಳು.

ಒಳಗೆ, ಆ ಹೆಂಗಸಿನ ಮುಖ ಕಾಣದಂತೆ ಕಟ್ಟಿದ್ದ ಪರದೆಯ ಈಚೆ ನಿಂತು ಎಲ್ಲವನ್ನೂ ಹೇಳಿದಳು. ಎರಡು ಸಲ ನೀರು ಕುಡಿದಳು, ಅಷ್ಟೇ. ಆ ಹೆಂಗಸಿನ ಪರ ವಕೀಲರು ಎದ್ದು ನಿಂತರು.

"ಮೊದಲ ದಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ ಅಂತ ನೀವೇ ಹೇಳಿದ್ರಿ. ಮತ್ತೆ ಯಾಕೆ ಓಡಿ ಹೋಗ್ಲಿಲ್ಲ?"

"ಅವ್ರನ್ನ ಅಕ್ಕ ಅಂತ ಕರೀತಿದ್ದೆ ಸರ್. ಇಲ್ಲೇ ಇರು, ಬರ್ತೀನಿ ಅಂದಿದ್ರು. ಕಾಯ್ತಿದ್ದೆ."

ವಕೀಲರು ಫೈಲು ತಿರುವಿದರು. ಇಷ್ಟು ವರ್ಷ ಆಫೀಸಿನಲ್ಲಿ ಮೇಲಧಿಕಾರಿಗಳ ಜೊತೆ ಜಗಳವಾಡಿ ಗಟ್ಟಿಗಿತ್ತಿ ಎನಿಸಿಕೊಂಡವಳು ನಾನು. ಗಟ್ಟಿತನ ಎಂದರೇನು ಎಂಬುದನ್ನು ಅವತ್ತು ನೋಡಿದೆ.

ಹೊರಗೆ ಬಂದವಳೇ ಚೀಲದಿಂದ ಬ್ಲೌಸ್ ತೆಗೆದಳು.

"ನಡೀರಿ ಮೇಡಂ, ಇದನ್ನ ಸಂಜೆಗೆ ಕೊಡ್ಬೇಕು."

ಈಗಲೂ ನಾನು ಅವಳಿಗೆ ಮೇಡಂ. ಅಂಗಡಿಗೆ ಹೊಸಬರು ಬಂದು, "ಅಕ್ಕ ಅನ್ನಬಾರದೇನೇ?" ಎಂದು ಅವಳನ್ನು ರೇಗಿಸಿದರೆ, ಅವರಿಗೆ ಬೈಯುವವಳು ನಾನೇ.