ಕೋಟು ಹಾಕಿದ ಸೇಠನಿಗೊಂದು ತೆಂಗಿನಕಾಯಿ

ಗಂಡನ ಕಾಲಿನ ಹುಣ್ಣು ಕೊಳೆಯತೊಡಗಿದಾಗ ಬೊರಿವಲಿಯಿಂದ ಲೋಕಲ್ ರೈಲು ಹತ್ತಿಸಿ ದೊಡ್ಡ ಸರಕಾರಿ ಆಸ್ಪತ್ರೆಗೆ ತಂದು ಹಾಕಿದೆ. ಡಾಕ್ಟರಿಕೆ ಓದುವ ಹುಡುಗರು ಕಲಿಯುವುದೂ ಅಲ್ಲಿಯೇ. ಸಕ್ಕರೆ ಕಾಯಿಲೆ, ಕಾಲು ತೆಗೆಯಬೇಕಾದೀತು, ನಾಳೆ ಹೇಳುತ್ತೇವೆ ಎಂದರು ಡಾಕ್ಟರು.

ನಾನು ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತೇ ಮುದುಕಿಯಾದವಳು. ಅಂಥ ಗೋಡೆ ಎಲ್ಲೂ ಕಂಡಿರಲಿಲ್ಲ. ಕರಿಕಲ್ಲಿನದು, ಕಿಟಕಿಯ ಕಟ್ಟೆಯ ಮೇಲೆ ಹಾಸಿಕೊಂಡು ಮಲಗುವಷ್ಟು ದಪ್ಪ. ಚಾವಣಿ ಮಾತ್ರ ವಿಪರೀತ ಎತ್ತರ. ಫ್ಯಾನಿನ ಗಾಳಿಯೆಲ್ಲ ಮೇಲಿದ್ದ ಪಾರಿವಾಳಗಳಿಗೇ.

ಮೆಟ್ಟಿಲ ತಿರುವಿನಲ್ಲಿ ಕಲ್ಲಿನ ಸೇಠನೊಬ್ಬನಿದ್ದ. ಹಿಂದಿನ ಕಾಲದಲ್ಲಿ ದುಡ್ಡು ಕೊಟ್ಟು ಆಸ್ಪತ್ರೆ ಕಟ್ಟಿಸಿದವನಂತೆ. ಎದೆಯವರೆಗೆ ಮಾತ್ರ ಮೂರ್ತಿ. ರೋಗಿಗಳ ಕಡೆಯವರು ಅವನ ಹಣೆಗೆ ಕುಂಕುಮ ಬಳಿದು ಹರಕೆ ಹೊರುತ್ತಿದ್ದರು. ಕೋಟಿಗೆ ಗುಂಡಿ ಇರುವವನು ದೇವರಲ್ಲ ಎಂಬುದು ನನಗೂ ಗೊತ್ತು. ಆದರೆ ಇಷ್ಟು ಗಟ್ಟಿ ಗೋಡೆ ಕಟ್ಟಿಸಿದವನು ನಂಬಿಕಸ್ಥನೇ ಇರಬೇಕು. ಕಾಲು ಉಳಿಸು, ಕಾಯಿ ಒಡೆಯುತ್ತೇನೆ ಎಂದೆ.

ಮುದುಕನಿಗೆ ಹೇಳಿದರೆ, "ಅವಂಗ ಕಾಲಿಲ್ಲ. ನನ್ನ ಕಾಲು ಏನ್ ಉಳಸ್ತಾನ?" ಎಂದ.

"ಬಾಯಿ ಮುಚ್ಚು. ಕೇಳಿಸ್ಕೊಂಡಾನು."

ಮರುದಿನ ದೊಡ್ಡ ಡಾಕ್ಟರು ಹುಡುಗರ ಹಿಂಡಿನೊಂದಿಗೆ ಬಂದರು. ಒಬ್ಬೊಬ್ಬರೂ ಕಾಲು ಒತ್ತಿ ಒತ್ತಿ ನೋಡಿದರು.

"ಬದನಿಕಾಯಿ ಆರಿಸಿದಂಗ ಒತ್ತಾಕತ್ತಾರ. ತಗೊಳ್ಳೋರು ಯಾರಂತ ಕೇಳ," ಎಂದು ಮುದುಕ ಗೊಣಗಿದ.

ಇಂಗ್ಲಿಷಿನಲ್ಲಿ ಬಹಳ ಮಾತಾಯಿತು. ಕೊನೆಗೆ ಉಡುಪಿ ಕಡೆಯ ಹುಡುಗಿಯೊಬ್ಬಳು ತಡವರಿಸುತ್ತ ಹೇಳಿದಳು: "ಅಜ್ಜಿ, ಒಂದು ಬೆರಳು ಮಾತ್ರ ತೆಗೀಬೇಕು. ಕಾಲು ಬಚ್ ಗಯಾ."

ಮನೆಗೆ ಹೊರಟ ದಿನ ಕಾಯಿ ಹಿಡಿದು ಸೇಠನ ಮುಂದೆ ನಿಂತೆ. ವಾಚ್‌ಮನ್ ಓಡಿ ಬಂದ. "ಮೌಶಿ, ಇಧರ್ ನಹೀ. ಪುರಾನಾ ಪತ್ಥರ್ ಹೈ." ಹಳೆಯ ಕಲ್ಲು ಬಿರುಕು ಬಿಟ್ಟರೆ ಅವನ ನೌಕರಿ ಹೋಗುತ್ತದಂತೆ. ಒಡೆಯಲೇಬೇಕಿದ್ದರೆ ಹಿಂದಿನ ಹೊಸ ಬಿಲ್ಡಿಂಗಿನಲ್ಲಿ ಒಡೆ ಎಂದು ಕೈ ತೋರಿಸಿದ.

ಹೋದೆ. ಮೆಟ್ಟಿಲಿಗೆ ಕಾಯಿ ಅಪ್ಪಳಿಸಿದೆ. ಕಾಯಿ ಹಾಗೆಯೇ ಇತ್ತು. ಮೆಟ್ಟಿಲಿನ ಮೂಲೆ ಕಿತ್ತು ಉದುರಿತು.

ಮುದುಕ ಕೋಲೂರಿ ಬಗ್ಗಿ ನೋಡಿದ. "ಇದರ ಸಿಮೆಂಟ್ ನೀನ ಕಲಸಿದ್ದೇನು?"

ನಾನು ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೇಟಿನತ್ತ ಬಿರಬಿರನೆ ನಡೆದೆ. ತಲೆ ಎತ್ತಿ ನೋಡಿದರೆ, ಒಂದು ಬೆರಳು ಕಳೆದುಕೊಂಡವನು ನನಗಿಂತ ಮುಂದಿದ್ದ.