ಖಾನಾಪುರದ ಕಾಡಿನಲ್ಲಿ ಮಗ್ಗದ ಸನ್ನೆ

ಶುಕ್ರವಾರ ಬೆಳಗ್ಗೆ ಬೆಳಗಾವಿಯಿಂದ ಬಸ್ ಹಿಡಿದೆವು. ನನ್ನದು ಹೆಂಗಸರ ಶೂನ್ಯ ಟಿಕೆಟ್. ನಮ್ಮ ಶಾಲೆಯವರೇ ಆದ ಗಣಿತದ ಪಾಟೀಲ ಸರ್ ದುಡ್ಡು ಎಣಿಸಿಕೊಟ್ಟು, "ಬಾಯಾರ, ನಿಮ್ಮ ದನಿಗೆ ಲಗೇಜ್ ಚಾರ್ಜ್ ಹಚ್ಚಬೇಕಿತ್ತು ನೋಡ್ರಿ," ಎಂದು ಸೇಡು ತೀರಿಸಿಕೊಂಡರು.

ಮಾತು ಸುಳ್ಳಲ್ಲ. ನಾನು ಬೆಳಗಾವಿಯ ಶಹಾಪುರದ ಪವರ್‌ಲೂಮ್‌ಗಳ ನಡುವೆ ಬೆಳೆದವಳು. ಆ ಓಣಿಯಲ್ಲಿ ಪಿಸುಮಾತಿಗೆ ಬೆಲೆಯಿಲ್ಲ. ಎಂ.ಎ. ಮುಗಿಸಿ ಸಮಾಜ ಪಾಠ ಹೇಳಲು ನಿಂತಾಗ ಆ ದನಿಯೇ ನನ್ನ ಬೆತ್ತವಾಯಿತು.

ಖಾನಾಪುರದಾಚೆಯ ಕಾಡಂಚಿನಲ್ಲಿ ಶಿಕ್ಷಕರಿಗೆ ಮೂರು ದಿನದ ವನ್ಯಜೀವಿ ತರಬೇತಿಯಿತ್ತು. ಚಳಿಗಾಲ ಮುಗಿಯುವ ಮುನ್ನ ನನ್ನ ಏಳನೆಯ ತರಗತಿಯನ್ನು ಅದೇ ಕಾಡಿಗೆ ಕರೆದೊಯ್ಯಬೇಕೆಂಬುದು ನನ್ನ ಹಟ. ಮುಖ್ಯಾಧ್ಯಾಪಕರು ಒಂದೇ ಷರತ್ತು ಹಾಕಿದ್ದರು: "ತರಬೇತಿ ಕೊಡಾವ್ರು ನಿಮಗ ಹೂಂ ಅಂದ್ರ ನಾನೂ ಹೂಂ. ಇಲ್ಲಂದ್ರ ಊರಾಗಿನ ಕಿಲ್ಲಾದ ಕೆರಿ ತೋರಿಸಿ ಮನಿಗೆ ಕಳಸ್ರಿ."

ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ದಾರಿಗೆ ಒಂದು ತಾಸು ಹಿಡಿಯಿತು. ಖಾನಾಪುರದ ಸ್ಟ್ಯಾಂಡಿನ ಎದುರು ಮಿಸಳ ತಿಂದು, ಚಹಾ ಕುಡಿದು, ಟೆಂಪೊದಲ್ಲಿ ಮಲಪ್ರಭೆ ದಾಟಿದೆವು. ತರಬೇತಿ ಕೊಡುವ ಸುನಂದಾ ಮೇಡಂ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಕೇಳಿಸಿಕೊಳ್ಳಲು ನಾವೆಲ್ಲ ಮುಂದಕ್ಕೆ ಬಾಗಬೇಕಿತ್ತು.

ಅಂದೇ ಸಂಜೆ ಮರದ ನೆತ್ತಿಯಲ್ಲಿ ಕೆಂದಳಿಲು ಕಂಡಿತು. ಬೆಕ್ಕಿಗಿಂತ ದೊಡ್ಡದು, ಬಾಲವೇ ಒಂದು ಮೊಳ. "ಅಲ್ಲೈತಿ, ಅಲ್ಲೈತಿ!" ಎಂದು ಶಿಕ್ಷಕರೆಲ್ಲ ಗುಜುಗುಜು ಶುರು ಮಾಡಿದರು. ನಾನು ರೂಢಿಯಂತೆ ಚಪ್ಪಾಳೆ ತಟ್ಟಿ, "ಏ, ಗಪ್ಪ ನಿಂದರ್ರಿ!" ಎಂದು ಗದರಿದೆ. ಅಳಿಲು ಆಚೆ ಮರಕ್ಕೆ ಹಾರಿತು, ಮುಸಿಯ ಮಂಗಗಳು ಕೂಗಿಕೊಂಡು ಓಡಿದವು, ಕಾಡು ಖಾಲಿಯಾಯಿತು.

"ಗದ್ದಲಾ ನಿಲ್ಲಸಾಕ ನೀವು ಮಾಡಿದ ಗದ್ದಲಾನ ದೊಡ್ಡದಾತಲ್ರಿ," ಎಂದರು ಮೇಡಂ. ಎಲ್ಲರೂ ನಕ್ಕರು. "ರವಿವಾರ ಮುಂಜಾನೆ ಒಬ್ಬೊಬ್ಬರು ಒಂದೊಂದು ಗುಂಪು ನಡಸಬೇಕು. ಬಾಯಿ ತೆಗೆದವ್ರು ಮಕ್ಕಳನ್ನ ಇಲ್ಲಿಗೆ ತರೂದು ಬ್ಯಾಡ."

ಶನಿವಾರ ಹೆಜ್ಜೆ ಗುರುತು, ಲದ್ದಿ, ಗೂಡುಗಳ ಪಾಠ. ಮಧ್ಯಾಹ್ನ ರೊಟ್ಟಿ, ಝುಣಕ. ಉಂಡ ಮೇಲೆ ಕಣ್ಣು ಮುಚ್ಚಿ ಹಕ್ಕಿಗಳ ದನಿ ಆಲಿಸಬೇಕಿತ್ತು. ನಮಗೆ ಕೇಳಿಸಿದ್ದು ಪಾಟೀಲ ಸರ್ ಗೊರಕೆ. ಮೇಡಂ ಕಲಿಸಿದ ಕೈಸನ್ನೆಗಳನ್ನು ಸಂಜೆಯವರೆಗೂ ಅಭ್ಯಾಸ ಮಾಡಿದೆ. ಕೈ ಏಳುವ ಮೊದಲೇ ನನ್ನ ಬಾಯಿ ತೆರೆಯುತ್ತಿತ್ತು.

ರವಿವಾರ ಮಂಜು, ಗದಗುಟ್ಟಿಸುವ ಚಳಿ. ನನ್ನ ಹಿಂದೆ ಹತ್ತು ಮಂದಿ ಶಿಕ್ಷಕರು, ಅರ್ಧ ಜನ ಮರಾಠಿ ಶಾಲೆಯವರು, ಕೊನೆಯಲ್ಲಿ ಮೇಡಂ. ಎಲ್ಲರೂ ಸಹಲಿಗೆ, ಶಾಲೆಯ ಪ್ರವಾಸಕ್ಕೆ, ಬಂದ ಹುಡುಗರಂತೆ ಹರಟುತ್ತಿದ್ದರು. ಪಾಟೀಲ ಸರ್ ಬೇಕೆಂದೇ, "ಬಾಯಾರ, ನೀರಡಿಕಿ ಆಗೈತ್ರೀ! ಬಾಯಾರ, ಇಂವ ನೂಕ್ಯಾನ್ರೀ!" ಎಂದು ರಾಗ ಎಳೆದರು. ಗದರಲು ಬಾಯಿ ತೆರೆದೇಬಿಟ್ಟಿದ್ದೆ.

ಆಗ ಅಪ್ಪ ನೆನಪಾದ. ಮಗ್ಗಗಳು ಓಡುವಾಗ ಯಾರ ಕೂಗೂ ಯಾರಿಗೂ ಕೇಳದು. ಎಳೆ ಕಡಿದರೆ ಅಪ್ಪ ಬೆರಳು ಅಗಲಿಸಿ ಕೈ ಎತ್ತುತ್ತಿದ್ದ. ಕಣ್ಣಿಗೆ ಕಣ್ಣು ಕೂಡುವ ತನಕ ಇಳಿಸುತ್ತಿರಲಿಲ್ಲ; ಕೂಡಿದೊಡನೆ ಬೆರಳು ಮಡಚಿ 'ಬಾ' ಎಂದು ಕರೆಯುತ್ತಿದ್ದ. ಈ ನೆನಪು ಅಲ್ಲೇ ಬಂತೋ, ಆಮೇಲೆ ನಾನೇ ಜೋಡಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಕೈ ಎತ್ತಿದ್ದು ಮಾತ್ರ ಖರೆ.

ಎತ್ತಿದ ಕೈ ಇಳಿಸದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತೆ. ಮೊದಲು ಖಾನಾಪುರದ ಮರಾಠಿ ಶಾಲೆಯ ಗಾವಡೆ ಬಾಯಾರು ಸುಮ್ಮನಾದರು. ಅವರು ಪಾಟೀಲ ಸರ್ ಅವರ ತೋಳು ಜಗ್ಗಿದರು. ಕೊನೆಯ ಹರಟೆಯೂ ನಿಂತಿತು. ನಾನು ಬೆರಳು ಮಡಚಿ, ಅಪ್ಪನ ಹಾಗೆಯೇ, 'ಬರ್ರಿ' ಎಂದು ಸನ್ನೆ ಮಾಡಿದೆ. ಕನ್ನಡದವರೂ ಬಂದರು, ಮರಾಠಿಯವರೂ ಬಂದರು.

ಹಳ್ಳದ ದಂಡೆಯ ಅತ್ತಿ ಮರದ ಕೆಳಗೆ ಕುಳಿತೆವು. ಯಾರೋ ಹೊಸ ಸೀರೆ ಕೊಡವಿದಂಥ ಸದ್ದು ತಲೆಯ ಮೇಲೆ. ಮಂಗಟ್ಟೆ ಹಕ್ಕಿಗಳು! ಹಳದಿ ಕೊಕ್ಕಿನಲ್ಲಿ ಹಣ್ಣು ಕಿತ್ತು, ಮೇಲಕ್ಕೆ ತೂರಿ, ಗುಳುಂ ಎಂದು ನುಂಗುತ್ತಿದ್ದವು. ಹಿಂದೆ ಯಾರೋ ಉಸಿರೆಳೆದದ್ದಕ್ಕೇ ಪಾಟೀಲ ಸರ್ ಬೆರಳು ಅಗಲಿಸಿ ಕೈ ಎತ್ತಿದರು. ಹಕ್ಕಿಗಳು ಐದಿದ್ದವೆಂದು ನನ್ನ ನೆನಪು, ಮೂರೇ ಎಂದು ಅವರ ವಾದ. ಗೆದ್ದವರ ನೆನಪು ಲೆಕ್ಕ ಹಿಗ್ಗಿಸುತ್ತದೆ; ಓದುವವರು ಮೂರೆಂದೇ ಹಿಡಿಯಲಿ. ಅವು ತಾವಾಗಿ ಎದ್ದು ಹೋಗುವವರೆಗೆ ನಮ್ಮಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಟೆಂಪೊ ಹೊರಡುವ ಹೊತ್ತಾದರೂ ಮೇಡಂ ಹೂಂ ಎಂದಿರಲಿಲ್ಲ. ಇಂಜಿನ್ ಗುರುಗುಟ್ಟಿತು. ಕಿಟಕಿಯಿಂದ ತಲೆ ಹೊರಹಾಕಿ, "ಮೇಡಂ, ನಮ್ಮ ಹುಡುಗೂರು?" ಎಂದು ಕೇಳಿದೆ. ಅವರು ಕಿವಿ ಮುಟ್ಟಿ, ಕೇಳಿಸದೆಂದು ತಲೆಯಾಡಿಸಿದರು. ನಾನು ಏಳನೆಯ ತರಗತಿಯವರ ಎತ್ತರವನ್ನು ಕೈಯಲ್ಲಿ ತೋರಿಸಿದೆ. ಮೇಡಂ ನಕ್ಕರು. ಬೆರಳು ಅಗಲಿಸಿ ಕೈ ಎತ್ತಿದರು. ನನ್ನ ಕಣ್ಣು ಕೂಡುವ ತನಕ ಕಾದು, ಕರೆಯುವ ಹಾಗೆ ಬೆರಳು ಮಡಚಿದರು.

"ಗೆದ್ರಿ ಬಾಯಾರ!" ಎಂದರು ಪಾಟೀಲ ಸರ್. "ಈಗರ ಒದರ್ರಿ!"

ಮೂರು ದಿನದ್ದೆಲ್ಲ ಸೇರಿಸಿ ಒದರಿದೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ. "ಯಾರ ಬಿದ್ರರೀ?"

"ಯಾರೂ ಬಿದ್ದಿಲ್ಲೋ ತಮ್ಮಾ," ಎಂದೆ. "ಮುಂದಿನ ಸಲ ದೊಡ್ಡ ಗಾಡಿ ತಗೊಂಬಾ. ನಮ್ಮ ಸಾಲಿ ಹುಡುಗೂರು ಬರಾಕತ್ತಾರ!"